ಹೊಸ ಪದ ಉಳಿಯಲು 1, 3, 7, 21ರ ಲೆಕ್ಕ ಕಡ್ಡಾಯವಲ್ಲ

ಹೊಸ ಭಾಷೆಯ ಪದಗಳನ್ನು ಸರಿಯಾಗಿ 1, 3, 7, 21ನೇ ದಿನವೇ ಓದಬೇಕು, ಒಂದು ದಿನ ತಪ್ಪಿದರೂ ಮೊದಲಿಂದ ಶುರು ಮಾಡಬೇಕು, ಜರ್ಮನ್ ಮನೋವಿಜ್ಞಾನಿ ಎಬಿಂಗ್‌ಹೌಸ್ ಇದನ್ನು ಸಾಬೀತು ಮಾಡಿದ್ದಾರೆ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

ಎಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ್ದು ತಮ್ಮ ಮೇಲೇ ಮಾಡಿಕೊಂಡ ಪ್ರಯೋಗ. ಅರ್ಥವಿಲ್ಲದ ಅಕ್ಷರಗಳ ಸಾಲುಗಳನ್ನು ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಅಂತ ಅಳೆದರು. ಬಿಡುವು ಕೊಟ್ಟು ಓದಿದರೆ ಒಳ್ಳೆಯದು ಅನ್ನುವುದು ಅವರಿಗೂ ಕಂಡಿತ್ತು. ಈ ದಿನಗಳ ಪಟ್ಟಿ ಮಾತ್ರ ಅವರದ್ದಲ್ಲ.

1993ರಲ್ಲಿ ಪ್ರಕಟವಾದ ಬಾರಿಕ್ ಕುಟುಂಬದ ನಾಲ್ವರ ಅಧ್ಯಯನ ನೋಡಿ. ತಲಾ 300 ವಿದೇಶಿ ಪದಗಳನ್ನು 14, 28, 56 ದಿನಗಳ ಅಂತರದಲ್ಲಿ ಕಲಿತರು. 56 ದಿನಕ್ಕೊಮ್ಮೆ ಕೂತಾಗ ಜಾಸ್ತಿ ಮರೆತಿರುತ್ತಿತ್ತು, ಕಲಿಕೆಯೂ ನಿಧಾನ. ಆದರೆ ವರ್ಷಗಳ ನಂತರ, ಹೀಗೆ 56 ದಿನಕ್ಕೊಮ್ಮೆ ಮಾಡಿದ 13 ಸಲದ ಅಭ್ಯಾಸ, 14 ದಿನಕ್ಕೊಮ್ಮೆ ಮಾಡಿದ 26 ಸಲಕ್ಕೆ ಹೆಚ್ಚುಕಮ್ಮಿ ಸಮನಾಗಿ ನಿಂತಿತು!

ಅಂತರವನ್ನು ಹಿಗ್ಗಿಸುತ್ತಲೇ ಹೋಗಬೇಕು ಅಂತಲೂ ಇಲ್ಲ. ಎರಡನೇ ಭಾಷೆಯ ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ, ಸಮ ಅಂತರಕ್ಕೂ ಹಿಗ್ಗುವ ಅಂತರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ.

ಒಂದು ದಿನ ತಪ್ಪಿತು ಅಂತ ಸುಮ್ನೆ ಕಲಿಯುವುದನ್ನೇ ಬಿಡುವವರನ್ನು ಕಂಡರೆ ಬೇಜಾರಾಗುತ್ತದೆ. ತಪ್ಪಿದ ಪದವನ್ನು ಮರುದಿನ ತೆಗೆಯಿರಿ. ಅರ್ಥ ನೋಡುವ ಮೊದಲು ನೆನಪಿಸಿಕೊಳ್ಳಲು ಪ್ರಯತ್ನಿಸಿ.