ಆಸ್ತಿಪಾಸ್ತಿಯಲ್ಲಿ ಪಾಸ್ತಾ, ನಮ್ಮನೆಯಲ್ಲಿ ಅಂಬಲಿ

ಭಾವ ಎಂಟು ದಿನದ ಇಟಲಿ ಟೂರ್ ಮುಗಿಸಿ ಬಂದ ಮೇಲೆ ನಮ್ಮನೆಯಲ್ಲಿ ಪಾಸ್ತಾ ಸುದ್ದಿ ಎತ್ತುವ ಹಾಗೇ ಇಲ್ಲ. "ನೂಡಲ್ಸ್ ಚೀನಾದ್ದು ಕಣೋ. ಮಾರ್ಕೊ ಪೋಲೊ ವೆನಿಸ್‌ಗೆ ತಂದ, ಅಲ್ಲಿ ಪಾಸ್ತಾ ಆಯ್ತು" ಅಂತ ಶುರು. ಬಸ್ಸಿನಲ್ಲಿ ಟೂರ್ ಮ್ಯಾನೇಜರ್ ಹೇಳಿದ್ದಂತೆ. ಅಲ್ಲಿಗೆ ಅದು ವೇದವಾಕ್ಯ.

ಕೇಳಿಕೊಂಡು ಸುಮ್ನೆ ಇರಬೇಕಿತ್ತು. ನನ್ನ ಕೈಲಿ ಆಗುವುದಿಲ್ಲ, ಅದೇ ನನ್ನ ರೋಗ. ರಾತ್ರಿ ಹನ್ನೆರಡರ ತನಕ ಮೊಬೈಲ್ ಹಿಡಿದು ಓದಿದೆ. ಮಾರ್ಕೊ ಪೋಲೊ ವೆನಿಸ್‌ಗೆ ಮರಳಿದ್ದು 1295ರಲ್ಲಿ. ಅದಕ್ಕೂ ಹದಿನಾರು ವರ್ಷ ಮೊದಲೇ, 1279ರಲ್ಲಿ, ಜಿನೋವಾದಲ್ಲಿ ಒಬ್ಬ ಸೈನಿಕನ ಆಸ್ತಿಪಾಸ್ತಿ ಪಟ್ಟಿ ಮಾಡಿದವರು ಒಂದು ಬುಟ್ಟಿ ಮ್ಯಾಕರೋನಿಯನ್ನೂ ಅದರಲ್ಲಿ ಬರೆದಿಟ್ಟಿದ್ದಾರೆ. ಆಸ್ತಿಪಾಸ್ತಿಯಲ್ಲೇ ಪಾಸ್ತಾ! ಇನ್ನೂ ಹಿಂದಕ್ಕೆ ಹೋದರೆ 1154ರಲ್ಲಿ ಅರಬ್ ಭೂಗೋಳಕಾರ ಅಲ್ ಇದ್ರೀಸಿ, ಸಿಸಿಲಿಯ ತ್ರಾಬಿಯಾ ಎಂಬ ಊರಲ್ಲಿ ಇತ್ರಿಯ್ಯಾ ಅನ್ನುವ ಹಿಟ್ಟಿನ ಎಳೆ ಮಾಡಿ ಹಡಗು ಹಡಗು ಕಳಿಸುತ್ತಾರೆ ಅಂತ ಬರೆದಿದ್ದಾನೆ. ಮಾರ್ಕೊ ಪೋಲೊ ಕತೆ ಜೋರಾಗಿ ಹಬ್ಬಿದ್ದು 1929ರಲ್ಲಿ, ಅಮೆರಿಕದ ಮ್ಯಾಕರೋನಿ ತಯಾರಕರ ಪತ್ರಿಕೆಯಿಂದ. ಮಾರುವವರೇ ಕಟ್ಟಿದ ಕತೆ, ಎಷ್ಟು ರುಚಿಯಾಗಿರಬೇಡ!

ಇದನ್ನೆಲ್ಲ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದು ಮೊದಲನೇ ತಪ್ಪು. ಭಾವ ಬೆಳಿಗ್ಗೆ ಒಂದೇ ಸಾಲು ಬರೆದರು: "ಹಾಗಾದ್ರೆ ಮೊದಲು ಮಾಡಿದ್ದು ಯಾರು, ನೀನಾ?"

ಅದಕ್ಕೆ ಉತ್ತರ ಕೊಟ್ಟಿದ್ದು ಎರಡನೇ ತಪ್ಪು. ಚೀನಾದ ಲಾಜಿಯಾ ಎಂಬಲ್ಲಿ ಸುಮಾರು 4000 ವರ್ಷ ಹಳೆಯ ನೂಡಲ್ಸ್ ಸಿಕ್ಕಿದೆ, 2005ರಲ್ಲಿ ವರದಿಯಾಯಿತು. ಮೂರು ಮೀಟರ್ ಮಣ್ಣಿನಡಿ ಬೋರಲಾಗಿ ಬಿದ್ದಿದ್ದ ಮಣ್ಣಿನ ಬಟ್ಟಲು. ಅದರೊಳಗೆ ಅರ್ಧ ಮೀಟರ್ ಉದ್ದದ ಹಳದಿ ಎಳೆಗಳು. ತಮಾಷೆ ಏನಪ್ಪಾ ಅಂದರೆ, ಅದು ಗೋಧಿಯದ್ದಲ್ಲ, ನಮ್ಮ ಕಡೆಯೂ ಬೆಳೆಯುವ ನವಣೆ ಮತ್ತು ಬರಗಿನದ್ದು ಅಂತ ಪರೀಕ್ಷೆ ಮಾಡಿದವರು ಹೇಳಿದರು. ಇಷ್ಟು ಬರೆದು, ಬೇಕಾದರೆ ನಾನೇ ಮಾಡಿ ತೋರಿಸುತ್ತೇನೆ ಅಂತ ಬಾಲ ಬೇರೆ ಸೇರಿಸಿದೆ.

"ಭಾನುವಾರ ಬರ್ತೀವಿ" ಅಂದರು ಭಾವ.

ಭಾನುವಾರ ಬೆಳಿಗ್ಗೆ ನವಣೆ ಹಿಟ್ಟು ಕಲಸಿ, ವಿಡಿಯೋದಲ್ಲಿ ಚೀನಾದ ಬಾಣಸಿಗ ಎಳೆದ ಹಾಗೆ ಎರಡೂ ತುದಿ ಹಿಡಿದು ಎಳೆದೆ. ಅವನ ಕೈಯಲ್ಲಿ ಹಗ್ಗ ಆಗಿದ್ದು ನನ್ನ ಕೈಯಲ್ಲಿ ಎರಡು ಹೋಳಾಯಿತು. ಒಂದು ಹೋಳು ಎಡಗೈಲಿ, ಇನ್ನೊಂದು ಕಾಲ ಮೇಲೆ. ನೀರು ಜಾಸ್ತಿ ಹಾಕಿದೆ, ಬಜ್ಜಿ ಹಿಟ್ಟಾಯಿತು. ಇನ್ನಷ್ಟು ಹಿಟ್ಟು ಸೇರಿಸಿ ಗಟ್ಟಿ ಮಾಡಿ, ಚಕ್ಕುಲಿ ಒರಳಿಗೆ ತುಂಬಿ, ಕುದಿಯುವ ನೀರಿನ ಮೇಲೆ ಒತ್ತಿದೆ. ಎಳೆ ಬಂತು ಕಣ್ರೀ! ಐದಾರು ಎಳೆ, ಗೇಣುದ್ದ, ಹಳದಿ ಬಣ್ಣ, ಥೇಟು ಲಾಜಿಯಾ. ಖುಷಿಗೆ ಹೆಂಡತಿಯನ್ನು ಕೂಗಿದೆ. ಅವಳು ನಡುಮನೆಯಿಂದ ಬರುವಷ್ಟರಲ್ಲಿ ಪಾತ್ರೆಯಲ್ಲಿ ಎಳೆ ಇರಲಿಲ್ಲ.

"ಯಾಕ್ರೀ, ಅಂಬಲಿ ಕಾಸ್ತಿದ್ದೀರಾ?"

ನವಣೆಯಲ್ಲಿ ಗೋಧಿಯ ಹಾಗೆ ಹಿಟ್ಟು ಹಿಡಿದಿಡುವ ಗ್ಲುಟೆನ್ ಇಲ್ಲ, ಆದ್ದರಿಂದ ಹಾಗೆ ಎಳೆ ತೆಗೆಯಲು ಆಗುವುದಿಲ್ಲ ಅಂತ 2011ರಲ್ಲೇ ಬೇರೆ ಸಂಶೋಧಕರು ತಕರಾರು ತೆಗೆದಿದ್ದರು. ನಾನು ಅದನ್ನು ಓದಿದ್ದು ಒಲೆ ಒರೆಸುವಾಗ.

ಧಾರಾವಾಹಿ ಮಧ್ಯೆ ಜಾಹೀರಾತು ಬಂತು ಅಂತ ಕಾಣುತ್ತೆ, ಅಮ್ಮ ಎದ್ದು ಬಂದು ಪಾತ್ರೆಗೆ ಇಣುಕಿದರು.

"ಹಿಟ್ಟು ಬೇಯಿಸಿದ್ಯೇನೋ?"

"ಒತ್ತಿದ ಮೇಲೆ ಬೇಯುತ್ತಲ್ಲಮ್ಮ."

"ಶಾವಿಗೆಗೆ ಮೊದಲು ಬೇಯಿಸ್ತಾರೋ ಆಮೇಲೋ? ಇಷ್ಟು ವರ್ಷ ಏನು ತಿಂದೆ ನೀನು?"

ಒತ್ತು ಶಾವಿಗೆ ನಾನು ತಿಂದಿದ್ದೇನೆಯೇ ಹೊರತು ಅದು ಹೇಗಾಗುತ್ತದೆ ಅಂತ ಒಂದು ದಿನವೂ ನೋಡಿರಲಿಲ್ಲ. ಅಮ್ಮ ನೀರು ಕುದಿಸಿ, ಹಿಟ್ಟು ಸುರಿದು, ರಾಗಿ ಮುದ್ದೆ ತಿರುವುವ ಹಾಗೆ ತಿರುವಿ, ಉಂಡೆ ಕಟ್ಟಿ ಮತ್ತೆ ಹಬೆಯಲ್ಲಿ ಬೇಯಿಸಿದರು. ಅಟ್ಟದಿಂದ ಶಾವಿಗೆ ಒರಳು ಇಳಿಯಿತು. "ಬಿಸಿ ಇದ್ದಾಗಲೇ ಒತ್ತು, ಆರಿದ್ರೆ ಮುಗೀತು" ಅಂದರು. ಒತ್ತಿದೆ. ಅಂಗೈ ಸುಟ್ಟಿತು, ಭುಜ ನೋವು ಬಂತು, ಎಳೆ ಮಾತ್ರ ತುಂಡಾಗಲಿಲ್ಲ. ಆಮೇಲೆ ನೋಡಿದರೆ 2014ರಲ್ಲಿ ಲಾಜಿಯಾ ತಂಡದವರೂ ಇದೇ ದಾರಿ ಹಿಡಿದಿದ್ದಾರೆ: ನವಣೆ ಹಿಟ್ಟನ್ನು ಅಂಟು ಬರುವಂತೆ ಬೇಯಿಸಿ, ಎಳೆಯದೆ ಒತ್ತಿದರೆ ನೂಡಲ್ಸ್ ಆಗುತ್ತದೆ ಅಂತ. 2005ರಿಂದ ಒಂಬತ್ತು ವರ್ಷ. ಅಮ್ಮನಿಗೆ ಒಂದು ಜಾಹೀರಾತಿನಷ್ಟು ಹೊತ್ತು.

ಭಾವ ಬಂದರು. ಕಾಯಿಹಾಲು ಹಾಕಿಕೊಂಡು ಮೂರು ಸಲ ಬಡಿಸಿಕೊಂಡರು. ಬಾಯಿ ಒರೆಸಿಕೊಂಡು, "ಅತ್ತೆ, ಶಾವಿಗೆ ಸೂಪರ್" ಅಂದವರು ನನ್ನ ಕಡೆ ತಿರುಗಿ, "ನೂಡಲ್ಸ್ ಎಲ್ಲಿ ಮಾರಾಯ?" ಅಂತ ಕೇಳಿದರು.

ನಾನು ಮೊದಲು ಕಲಸಿದ್ದರಲ್ಲಿ ಉಳಿದಿದ್ದ ಹಿಟ್ಟಿನ ಮುದ್ದೆ ಭಾವನ ಕಣ್ಣಿಗೆ ಬೀಳಬಾರದು ಅಂತ ಸಿಂಕ್ ಪಕ್ಕದ ಮೂಲೆಯಲ್ಲಿ ಬಟ್ಟಲು ಬೋರಲು ಹಾಕಿ ಮುಚ್ಚಿಟ್ಟಿದ್ದೆ. ಮರೆತೇ ಹೋಯಿತು. ಬುಧವಾರ ಹೆಂಡತಿ ಬಟ್ಟಲು ಎತ್ತಿದಳು. ಲಾಜಿಯಾದ ಎಳೆಗಳು ಗಾಳಿ ತಾಗಿ ಬೇಗ ಪುಡಿಯಾದವಂತೆ. ನಮ್ಮದು ಕಡಪಾ ಕಲ್ಲಿಗೆ ಕಚ್ಚಿಕೊಂಡಿದ್ದು ಮಚ್ಚಿನ ಹಿಂಬದಿಯಲ್ಲಿ ಹೊಡೆದರೂ ಏಳಲಿಲ್ಲ.