ಮಂಗಗಳ ಎಕ್ಸಿಟ್ ಸ್ಟ್ರಾಟೆಜಿ

ನಮ್ಮ ಅಕ್ಕನ ಮಗ ಸಾಗರದ ಹತ್ರ ಅವರ ಅಡಿಕೆ ತೋಟದಲ್ಲಿ ಕೂತ್ಕೊಂಡು ಒಂದು ಡಬ್ಬಿ ಮಾಡಿದ. ಹಳೇ ಯುಪಿಎಸ್ ಬಾಕ್ಸು, ಒಳಗೆ ಒಂದು ಕ್ಯಾಮೆರಾ, ಅಂಗೈ ಅಗಲದ ಬೋರ್ಡು, ತಲೆ ಮೇಲೊಂದು ಸ್ಪೀಕರ್. ಮಂಗ ತೋಟಕ್ಕೆ ಇಳಿದ ತಕ್ಷಣ ಕ್ಯಾಮೆರಾ ಗುರುತು ಹಿಡಿಯುತ್ತೆ, ಸ್ಪೀಕರ್ ನಾಯಿ ಥರ ಬೊಗಳುತ್ತೆ, ನಾಯಿಗೆ ಮಂಗ ಹೊಂದ್ಕೊಂಡ್ರೆ ಗರ್ನಾಲಿನ ಸದ್ದು, ಅದಕ್ಕೂ ಹೊಂದ್ಕೊಂಡ್ರೆ ನಮ್ಮ ಅಕ್ಕನ ಬೈಗುಳದ ರೆಕಾರ್ಡಿಂಗು. ರಿಸಲ್ಟ್ ಚೆನ್ನಾಗಿ ಬರ್ತಿದ್ದಿದ್ದು ಕೊನೇದಕ್ಕೇ. ಸಿಟಿಯವರಿಗೆ ನಗು ಬರಬಹುದು, ಮಲೆನಾಡಿನವರಿಗೆ ಗೊತ್ತು, ಬಾಳೆಗೊನೆಯಿಂದ ಹಿಡಿದು ಏಲಕ್ಕಿ ತನಕ ಏನೂ ಉಳಿಯಲ್ಲ.

ತಪ್ಪು ಮಾಡಿದ್ದು ನಾನು. ಬೆಂಗಳೂರಲ್ಲಿ ಕೂತು ಪೇಪರ್ ಓದೋ ಚಟ ನೋಡಿ. "ಲೇ, ಇಂಥದ್ದಕ್ಕೆ ಸರ್ಕಾರನೇ ದುಡ್ಡು ಕೊಡುತ್ತೆ ಕಣೋ" ಅಂದ್ಬಿಟ್ಟೆ.

ಅಂದಿದ್ದು ಸುಳ್ಳೇನಲ್ಲ. 2015ರಲ್ಲೇ ಸ್ಟಾರ್ಟಪ್ ಪಾಲಿಸಿ ತಂದ ರಾಜ್ಯ ನಮ್ದು. ಎಲಿವೇಟ್ ಅಂತ ಇದೆ, ಗೆದ್ದೋರಿಗೆ 50 ಲಕ್ಷದ ತನಕ ಗ್ರ್ಯಾಂಟು, ವಾಪಸ್ ಕೊಡಂಗಿಲ್ಲ, ಕಂಪನಿಯಲ್ಲಿ ಪಾಲೂ ಕೇಳಲ್ಲ. 'ಬಿಯಾಂಡ್ ಬೆಂಗಳೂರು' ಅಂತ ಇನ್ನೊಂದು, ಬೆಂಗಳೂರಿನ ಹೊರಗೂ ಕಂಪನಿ ಬೆಳೀಲಿ ಅಂತ, ಅದರ ಬಗ್ಗೆ ಜಾಸ್ತಿ ಮಾತು ಕೇಳ್ಸೋದು ಬೆಂಗಳೂರಲ್ಲೇ. 2022ರ ಪಾಲಿಸಿ 2027ರೊಳಗೆ 25,000 ಸ್ಟಾರ್ಟಪ್ ಅಂತು. ಅದರ ಅವಧಿ ಮುಗಿಯೋಕೆ ಮುಂಚೆನೇ 2025-30ರ ಪಾಲಿಸಿ ಬಂತು, 518 ಕೋಟಿ, ಟಾರ್ಗೆಟ್ಟು? 25,000. ಪಾಲಿಸಿ ಬದಲಾಗಬಹುದು, ಇಸವಿ ಬದಲಾಗಬಹುದು, ಆ 25,000 ಮಾತ್ರ ನಮ್ಮೂರ ಗಡಿಕಲ್ಲಿದ್ದಂಗೆ, ಇಟ್ಟಲ್ಲೇ ಇರುತ್ತೆ. ಈ ಸಲ ಅದರಲ್ಲಿ 10,000 ಬೆಂಗಳೂರಿನ ಹೊರಗಡೆ ಆಗ್ಬೇಕಂತೆ. ನಾನು ಒಂದನ್ನ ಆಗಲೇ ಲೆಕ್ಕ ಹಾಕ್ಕೊಂಡೆ, ನಮ್ಮ ಹುಡುಗಂದು.

ಯಾವ ಸ್ಕೀಮಿಗೆ ಹಾಕಿದ, ಯಾವ ಆಫೀಸು ಅಂತ ಹೇಳಲ್ಲ, ಫೈಲು ಇನ್ನೂ ಅಲ್ಲೇ ಇದೆ.

ಮೊದಲು ಫಾರಂ. ಅದರಲ್ಲಿ ಒಂದು ಕಾಲಂ ನಾನೇ ಕಣ್ಣಾರೆ ನೋಡಿದ್ದು: ತಮ್ಮ ಆವಿಷ್ಕಾರದ ಹೊಸತನವನ್ನು ವಿವರಿಸಿ. ಅದರ ಕೆಳಗಿಂದು: ಇದೇ ಮಾದರಿಯ ಯಂತ್ರವು ಈ ಹಿಂದೆ ಯಶಸ್ವಿಯಾಗಿರುವ ಬಗ್ಗೆ ದಾಖಲೆ ಲಗತ್ತಿಸಿ. ಹುಡುಗ ಫೋನ್ ಮಾಡಿದ, "ಮಾವ, ಹೊಸದು ಅಂತ ಬರೆದ್ರೆ ದಾಖಲೆ ಇಲ್ಲ, ದಾಖಲೆ ಇಟ್ರೆ ಹೊಸದಲ್ಲ, ಏನು ಮಾಡ್ಲಿ?" ನನಗೂ ತೋಚಲಿಲ್ಲ. ಕೇಸ್ ವರ್ಕರ್‌ನ ಕೇಳಿದ್ದಕ್ಕೆ ಅವರು, "ಎರಡೂ ಬರೀರಿ ಸಾರ್, ಯಾರು ಓದ್ತಾರೆ" ಅಂದ್ರಂತೆ. ಇಡೀ ಪ್ರಕರಣದಲ್ಲಿ ಸತ್ಯ ಹೇಳಿದ್ದು ಅವರೊಬ್ಬರೇ.

ಆಮೇಲೆ ಪಿಚ್ಚು, ಅಂದ್ರೆ ಆಯ್ಕೆ ಮಾಡೋರ ಮುಂದೆ ಐಡಿಯಾ ಒಪ್ಪಿಸೋದು. ಐದು ನಿಮಿಷ, ಹತ್ತು ಸ್ಲೈಡು. ಹುಡುಗ ಡಬ್ಬಿ ಹೊತ್ಕೊಂಡು ರಾತ್ರಿ ಬಸ್ಸಲ್ಲಿ ಬಂದ, ಗೇಟಲ್ಲಿ ಸೆಕ್ಯುರಿಟಿ ಡಬ್ಬಿ ಒಳಗೆ ಬಿಡ್ಲಿಲ್ಲ, ವೈರು ಕಾಣ್ತಿದೆ ಅಂತ. ಹಂಗಾಗಿ ಯಂತ್ರ ಇಲ್ದೇನೇ ಯಂತ್ರದ ಬಗ್ಗೆ ಮಾತಾಡಿದ. ಎದುರುಗಡೆ ಐದು ಜನ, ಅದರಲ್ಲಿ ಇಬ್ಬರು ಮೊಬೈಲ್ ನೋಡ್ತಿದ್ರು.

"ಮಾರ್ಕೆಟ್ ಸೈಜ್ ಎಷ್ಟು?"

"ನಮ್ಮ ತೋಟಕ್ಕೆ ಒಂದು ನಲವತ್ತು ಬರ್ತವೆ ಸಾರ್, ಮರಿ ಬಿಟ್ಟು."

"ನಿಮ್ಮ ಎಕ್ಸಿಟ್ ಸ್ಟ್ರಾಟೆಜಿ ಏನು?"

"ಹಿಂದಿನ ಬೇಲಿ ಕಡೆಯಿಂದ ಓಡ್ತವೆ ಸಾರ್."

ಅವರು ಕೇಳಿದ್ದು ಮುಂದೆ ಕಂಪನಿ ಮಾರಿ ಹೊರಗೆ ಬರೋ ಪ್ಲಾನು, ಇವನು ಹೇಳಿದ್ದು ಮಂಗಗಳದ್ದು. ಇದನ್ನ ಅವನು ಜೋಕ್ ಮಾಡೋಕೆ ಹೇಳಿದ್ದಲ್ಲ. ಆದ್ರೆ ಎಲ್ರೂ ನಕ್ಕರು, 'ಕಾನ್ಫಿಡೆಂಟ್ ಫೌಂಡರ್' ಅಂತ ಮಾರ್ಕ್ಸ್ ಕೊಟ್ಟು ಸೆಲೆಕ್ಟ್ ಮಾಡಿದ್ರು. ಶಾಲು, ಪೇಟ, ಅಕ್ಕನಷ್ಟು ಎತ್ತರದ ಥರ್ಮಾಕೋಲ್ ಚೆಕ್ಕು. ಆ ಚೆಕ್ಕನ್ನ ಬಸ್ಸಿಗೆ ಹತ್ತಿಸೋಕೆ ಕಂಡಕ್ಟರ್ ಲಗೇಜ್ ಟಿಕೆಟ್ ಕೇಳಿದ, ಹುಡುಗ ದುಡ್ಡು ಕೊಟ್ಟ. ಯೋಜನೆಯಲ್ಲಿ ಆದ ಮೊದಲ ಹಣಕಾಸಿನ ವ್ಯವಹಾರ ಅದೇ.

ಒರಿಜಿನಲ್ ದುಡ್ಡು ಬರಬೇಕಂದ್ರೆ ಮೊದಲು ನೀವು ಖರ್ಚು ಮಾಡ್ಬೇಕು, ಬಿಲ್ ಕೊಡ್ಬೇಕು, ಅದು ಮಂಜೂರಾಗಿ ವಾಪಸ್ ಬರುತ್ತೆ. ಅಂದ್ರೆ ದುಡ್ಡಿಲ್ಲ ಅಂತ ಅರ್ಜಿ ಹಾಕಿದೋನಿಗೆ, ದುಡ್ಡು ಇದ್ರೆ ಕೊಡ್ತೀವಿ ಅಂತ. ಖರ್ಚು ಮಾಡಿದ್ಮೇಲೆ ಯುಸಿ, ಅದೇ ಯುಟಿಲೈಸೇಶನ್ ಸರ್ಟಿಫಿಕೇಟು, ಸಿಎ ಸಹಿ ಸಮೇತ. ಜೊತೆಗೆ ಫಲಾನುಭವಿಗಳ ಪಟ್ಟಿ, ಜಿಪಿಎಸ್ ಫೋಟೋ ಸಮೇತ. ಮಂಗದ್ದು ಹಾಕೋದಾ ಅಕ್ಕಂದು ಹಾಕೋದಾ ಅಂತ ಮನೇಲಿ ಎರಡು ದಿನ ಚರ್ಚೆ ಆಯ್ತು, ಅಕ್ಕನಿಗೆ ಸಿಟ್ಟು ಬಂದು ಎರಡೂ ಆಗಲಿಲ್ಲ.

ಇದು ನಮ್ಮ ಹುಡುಗಂದು ಒಬ್ಬಂದೇ ಗೋಳಲ್ಲ. ಲ್ಯಾಬಲ್ಲಿ ಪಿಎಚ್‌ಡಿ ಮಾಡೋ ಯಾರನ್ನಾದ್ರೂ ಫೆಲೋಶಿಪ್ ಬಂತಾ ಅಂತ ಕೇಳಿ, ಯಾವ ತಿಂಗಳಿಂದು ಅಂತ ತಿರುಗಿ ಕೇಳ್ತಾರೆ. ದೇಶದ ಜಿಡಿಪಿಯಲ್ಲಿ ರಿಸರ್ಚಿಗೆ ಹೋಗೋದು ಹೆಚ್ಚುಕಮ್ಮಿ 0.64 ಪರ್ಸೆಂಟು, ಒಂದಕ್ಕೂ ಮುಟ್ಟಿಲ್ಲ. 2013ರಲ್ಲಿ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರಿಗೆ ಭಾರತ ರತ್ನ ಘೋಷಣೆ ಆದ ಬೆನ್ನಿಗೇ, ಬೆಂಗಳೂರಲ್ಲಿ ಪ್ರೆಸ್ ಮುಂದೆ, ವಿಜ್ಞಾನಕ್ಕೆ ಇಷ್ಟು ಕಮ್ಮಿ ಕೊಟ್ಟಿದ್ದಾರಲ್ಲ ಅಂತ ರಾಜಕಾರಣಿಗಳನ್ನ 'ಈಡಿಯಟ್ಸ್' ಅಂದ್ಬಿಟ್ರು. ಭಾರತ ರತ್ನ ಬಂದ್ಮೇಲೆ ಬೈದ್ರೆ ಅದು ಹೇಳಿಕೆ, ನಮ್ಮ ಹುಡುಗ ಬೈದ್ರೆ ಫೈಲು ಕೆಳಗೆ ಹೋಗುತ್ತೆ.

ಇದೇ ನೆಲದಲ್ಲಿ ನೋಡಿ, ಮೈಸೂರು ಸಂಸ್ಥಾನದವರು ಐಐಎಸ್‌ಸಿಗೆ ಅಂತ 371 ಎಕರೆ ಜಾಗ ಕೊಟ್ರು, 1911ರಲ್ಲಿ ಹುಡುಗರು ಪಾಠಕ್ಕೆ ಬಂದೂ ಆಯ್ತು. ಇವತ್ತಾಗಿದ್ರೆ ಟಾಸ್ಕ್ ಫೋರ್ಸ್ ಇನ್ನೂ ಸ್ಟಡಿ ಟೂರಲ್ಲಿ ಇರ್ತಿತ್ತು. ಅದೇ ಕ್ಯಾಂಪಸ್ಸಲ್ಲಿ 1974ರಲ್ಲಿ ಅಸ್ತ್ರ ಅಂತ ಒಂದು ಕೇಂದ್ರ ಶುರುವಾಗಿ, ಹಳ್ಳಿ ಹೆಂಗಸರ ಕಣ್ಣುರಿ ನೋಡಿ ಹೊಗೆ ಕಮ್ಮಿ ಬರೋ ಒಲೆ ಮಾಡಿದ್ರು. ಅಸ್ತ್ರ ಒಲೆ ನಮ್ಮಜ್ಜಿ ಮನೇಲೂ ಇತ್ತು. ಒಲೆಗೆ ಎಕ್ಸಿಟ್ ಅಂದ್ರೆ ಹೊಗೆ ಕೊಳವೆ ಒಂದೇ, ಬೇರೆ ಸ್ಟ್ರಾಟೆಜಿ ಯಾರೂ ಕೇಳಿರಲಿಲ್ಲ ಅನ್ಸುತ್ತೆ.

ಮೊದಲ ಕಂತಿನ ಮಂಜೂರಾತಿ ಬಂದಿದ್ದು ಮಾರ್ಚ್ 28ಕ್ಕೆ. 31ರೊಳಗೆ ಖರ್ಚು ತೋರಿಸ್ಬೇಕು. ಮೂರು ದಿನದಲ್ಲಿ ಡಬ್ಬಿ ಸುಧಾರಿಸೋಕಾಗುತ್ತಾ? ಒಂದು ಲ್ಯಾಪ್‌ಟಾಪು, ಎರಡು ರೋಲಿಂಗ್ ಚೇರು, ಒಂದು ಫ್ಲೆಕ್ಸು ತಗೊಂಡ. ಯುಸಿ ಒಂದೇ ಏಟಿಗೆ ಪಾಸ್ ಆಯ್ತು. ಎರಡನೇ ಕಂತಿನ ಫೈಲು 'ಪುಟ್ ಅಪ್' ಆಗಿದೆ, ಎಲ್ಲಿಗೆ ಅಂತ ಕೇಳಬಾರದು.

ಹುಡುಗ ಈಗ ಶಿವಮೊಗ್ಗದಲ್ಲಿ ಆ ಎರಡೂ ಚೇರ್ ಹಾಕ್ಕೊಂಡು ಆಫೀಸು ಮಾಡಿದ್ದಾನೆ. ಬೇರೆ ಹುಡುಗರಿಗೆ ಗ್ರ್ಯಾಂಟ್ ಅರ್ಜಿ ಬರೆದುಕೊಡೋದು, ಪಿಪಿಟಿ ಮಾಡೋದು, ಯುಸಿ ರೆಡಿ ಮಾಡೋದು. ಒಳ್ಳೇ ದುಡಿಮೆ, ಒಬ್ಬಳು ಹುಡುಗೀನ ಕೆಲಸಕ್ಕೂ ಇಟ್ಕೊಂಡಿದ್ದಾನೆ, ವರದಿಯ 'ಉದ್ಯೋಗ ಸೃಷ್ಟಿ' ಕಾಲಂನಲ್ಲಿ 2 ಅಂತ ಧೈರ್ಯವಾಗಿ ಬರೀತಾನೆ.

ಮೊನ್ನೆ ಅಕ್ಕ ಫೋನ್ ಮಾಡಿದ್ಲು. "ಅವನಿಗೆ ಹೇಳೋ, ಕೊಟ್ಟಿಗೇಲಿ ಇಟ್ಟಿದ್ನಲ್ಲ ಆ ಡಬ್ಬಿ, ಅದರ ಮೇಲೆ ಕೂತ್ಕೊಂಡು ಒಂದು ಮಂಗ ಬಾಳೆಹಣ್ಣು ತಿಂತಾ ಇದೆ. ಗರ್ನಾಲು ಖಾಲಿ ಆಗಿದೆ, ಬರೋವಾಗ ತರಕ್ಕೆ ಹೇಳು."