ಮಳೆಗೊಂದು ಸುತ್ತೋಲೆ

ಹವಾಮಾನ ಬದಲಾವಣೆಗೆ ರಾಜ್ಯ ಸರಕಾರಗಳು ಹೇಗೆ ಹೊಂದಿಕೊಳ್ಳಬೇಕು ಅಂತ ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡಿದ್ದಾರೆ. ಸುಮ್ನೆ ಕಷ್ಟ. ಸರಕಾರ ಎಲ್ಲಾದರೂ ಹೊಂದಿಕೊಂಡದ್ದುಂಟೇ? ಅದರ ನಿಯಮ, ಅದರ ನಮೂನೆ, ಅದರ ಮಾರ್ಚ್ 31, ಒಂದೂ ಜಗ್ಗುವುದಿಲ್ಲ. ಹವಾಮಾನ ಹಾಗಲ್ಲ. ಅದು ಈಗಾಗಲೇ ಬದಲಾಗುತ್ತಿದೆ ಅಂತ ಎಲ್ಲರೂ ಒಪ್ಪಿದ್ದಾರೆ. ಹೇಗೂ ಬದಲಾಗುತ್ತಿದೆಯಲ್ಲ, ಸರಕಾರಕ್ಕೆ ಬೇಕಾದ ಹಾಗೆ ಬದಲಾಗಲಿ. ಮಳೆಗೊಂದು ಸುತ್ತೋಲೆ ಕಳಿಸಿದರೆ ಮುಗಿಯಿತು.

ಯೋಜನೆ ಇಲ್ಲ ಅಂತ ಯಾರೂ ದೂರುವ ಹಾಗಿಲ್ಲ. ದಿಲ್ಲಿಯಲ್ಲಿ 2008ರ ಜೂನ್ 30ರಂದು ರಾಷ್ಟ್ರೀಯ ಕ್ರಿಯಾ ಯೋಜನೆ ಬಂತು, ಎಂಟು ಮಿಷನ್ನುಗಳ ಸಮೇತ. ಮರುವರ್ಷ ರಾಜ್ಯಗಳೂ ತಮ್ಮ ತಮ್ಮದು ಬರೆಯಿರಿ ಅಂತ ಹೇಳಿದರು. ನಮ್ಮ ರಾಜ್ಯದ್ದು 2012ರ ಹೊತ್ತಿಗೆ ತಯಾರಾಯಿತು. ಆಮೇಲೆ ಎರಡನೇ ಆವೃತ್ತಿಯೂ ಬಂತು, 2030ರವರೆಗೆ ನಡೆಯುವಂಥದ್ದು. ಓದುವ ವಿಷಯ ನಿಜಕ್ಕೂ ಇದೆ ಅದರಲ್ಲಿ. ಆದರೆ ನವಲಗುಂದದ ಎರೆ ಹೊಲದ ಬದುವಿನ ಮೇಲೆ ನಿಂತವರಿಗೆ ಮಾತ್ರ ಅದು ಬೆಂಗಳೂರಿನಿಂದ ಹೊರಟ ಪುಸ್ತಕ, ಹುಬ್ಬಳ್ಳಿ ದಾಟಿ ಈ ಕಡೆ ಬಂದದ್ದನ್ನು ಕಂಡವರು ಕಡಿಮೆ. ಮಳೆಯಂತೂ ಓದೇ ಇಲ್ಲ ಅಂತ ಅದರ ನಡತೆ ನೋಡಿದರೆ ಗೊತ್ತಾಗುತ್ತದೆ.

ಸುತ್ತೋಲೆಯ ಮೊದಲ ಕಲಮು ಬರದ ಬಗ್ಗೆ ಇರಲಿ. 2023 ನೆನಪಿದೆಯಲ್ಲ? ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಬರಕ್ಕೂ ಒಂದು ಕೈಪಿಡಿ ಇದೆ, ಕೇಂದ್ರ ಸರಕಾರದ್ದು, 2016ರದ್ದು. ಮಳೆ ಎಷ್ಟು ಕಡಿಮೆ, ಮೂರು-ನಾಲ್ಕು ವಾರ ಸತತ ಒಣ ಹವೆ ಇತ್ತೋ ಇಲ್ಲವೋ, ಮಣ್ಣಿನ ತೇವ ಎಷ್ಟು, ಉಪಗ್ರಹಕ್ಕೆ ನೆಲ ಎಷ್ಟು ಹಸಿರಾಗಿ ಕಾಣುತ್ತದೆ ಅಂತ ಒಂದೊಂದೇ ಮೆಟ್ಟಿಲು. ಎಲ್ಲ ಹತ್ತಿ ಬಂದ ಮೇಲೂ ಅಧಿಕಾರಿಗಳು ಹೊಲಕ್ಕೆ ಹೋಗಿ ಕಣ್ಣಾರೆ ನೋಡಬೇಕು. ಸಾಧಾರಣ ಬರಕ್ಕೆ ಕೇಂದ್ರದ ದುಡ್ಡಿಲ್ಲ, ತೀವ್ರ ಬರವೇ ಆಗಬೇಕು. ಮೂರನೇ ವಾರ ಎಲ್ಲಿಂದಲೋ ಒಂದು ಮಳೆ ಬಂದು ಅರ್ಧ ತಾಸು ಹೊಡೆದು, ಇದ್ದ ಮೇಲ್ಮಣ್ಣನ್ನೂ ಎತ್ತಿಕೊಂಡು ಹಳ್ಳ ಸೇರಿತೋ, ಬೆಳೆಗೆ ಮೂರು ಕಾಸಿನ ಉಪಯೋಗ ಇಲ್ಲ, ಫೈಲಿಗೆ ಮಾತ್ರ ಕಂಟಕ. ಆದ್ದರಿಂದ ಒಣಗಿಸುವುದಾದರೆ ಪೂರ್ತಿ ಒಣಗಿಸತಕ್ಕದ್ದು. ಮಧ್ಯೆ ಕರುಣೆ ತೋರಿಸತಕ್ಕದ್ದಲ್ಲ.

ಬಣ್ಣದ ವಿಷಯದಲ್ಲೂ ಮಳೆ ಸ್ವಲ್ಪ ಶಿಸ್ತು ಕಲಿಯಬೇಕು. ಆ ವರ್ಷ ಹಾವೇರಿ ಕಡೆ ಗೋವಿನಜೋಳದ ಹೊಲಗಳನ್ನು ರಸ್ತೆ ಮೇಲಿಂದ ನೋಡಿದವರಿಗೆ ಬರ ಎಲ್ಲಿದೆ ಅಂತಲೇ ಅನ್ನಿಸುತ್ತಿತ್ತು. ಎದೆ ಮಟ್ಟ ಹಸಿರು. ಒಳಗೆ ಹೋಗಿ ಒಂದು ತೆನೆ ಮುರಿದು ಸಿಪ್ಪೆ ಬಿಚ್ಚಿದರೆ ಅಲ್ಲಲ್ಲಿ ಏಳೆಂಟು ಕಾಳು, ಉಳಿದದ್ದು ಬರೀ ಬೆಂಡು. ಕಾಳು ಕಟ್ಟುವ ಹೊತ್ತಿಗೆ ನೀರಿಲ್ಲ, ಗಿಡ ಹಸಿರಾಗಿರುವುದಕ್ಕೆ ಬೇಕಾದಷ್ಟು ತೇವ ಇದೆ. ಮೇಲಿರುವ ಉಪಗ್ರಹಕ್ಕೆ ಸಿಪ್ಪೆ ಬಿಚ್ಚಲು ಬರುವುದಿಲ್ಲ, ಪಾಪ. ಹಸಿರು ಕಂಡಿತು, ಹಸಿರು ಅಂತ ಬರೆಯಿತು. ಕೊನೆಗೆ ರಾಜ್ಯ ಸರಕಾರವೇ ಕೇಂದ್ರದ ತಂಡಕ್ಕೆ 'ಇದು ಹಸಿರು ಬರ' ಅಂತ ಬಿಡಿಸಿ ಹೇಳಬೇಕಾಯಿತು. ರೈತನಿಗೆ ಬರ ಎರಡು ಬಣ್ಣದಲ್ಲಿ ಬಂದರೇನು, ಹತ್ತು ಬಣ್ಣದಲ್ಲಿ ಬಂದರೇನು? ಮುಂದಿನ ಸಲ ಬರ ಕಂದು ಬಣ್ಣದಲ್ಲೇ ಬರಲಿ.

ಬಂದ ದುಡ್ಡಿನ ಕಥೆ ಎಲ್ಲರಿಗೂ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. ಬರ ಘೋಷಣೆ ಸೆಪ್ಟೆಂಬರಿನಲ್ಲಿ. ರಾಜ್ಯ ಕೇಳಿದ್ದು 18,171 ಕೋಟಿ. ಜನವರಿಯಲ್ಲಿ ರಾಜ್ಯವೇ ರೈತರಿಗೆ 2,000 ರೂಪಾಯಿವರೆಗೆ ಮೊದಲ ಕಂತು ಕೊಟ್ಟಿತು. ಕೇಂದ್ರದಿಂದ ಸುಮಾರು 3,454 ಕೋಟಿ ಬಂದದ್ದು 2024ರ ಏಪ್ರಿಲ್ ಕೊನೆಗೆ, ಅದೂ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ. ಅಷ್ಟರಲ್ಲಿ ಮುಂದಿನ ಹಂಗಾಮಿನ ಬೀಜ ಗೊಬ್ಬರಕ್ಕೆ ಸಾಲ ಎತ್ತುವ ದಿನ ಬಂದಿತ್ತು. ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಅನ್ನುತ್ತಿದ್ದರು ಹಿರಿಯರು. ಈಗ ಕೋರ್ಟಿನ ತಾರೀಖನ್ನೂ ಪಂಚಾಂಗದಲ್ಲಿ ಸೇರಿಸಿ ಬಿತ್ತಬೇಕು.

ಎರಡನೇ ಕಲಮು ಗದಗಿನವರಿಗೆ. 2021ರಿಂದ 2026ರವರೆಗಿನ ದೇಶದ ಲೆಕ್ಕದಲ್ಲಿ ಪರಿಹಾರಕ್ಕೆ ಅರ್ಹ ಅಂತ ಹನ್ನೆರಡು ವಿಪತ್ತುಗಳ ಪಟ್ಟಿ ಇತ್ತು. ಅದರಲ್ಲಿ ಸುನಾಮಿ ಇತ್ತು. ಹಿಮಕುಸಿತ ಇತ್ತು. ಚಳಿಗಾಳಿ ಇತ್ತು. ಬಿಸಿಗಾಳಿ ಇರಲಿಲ್ಲ, ಸಿಡಿಲು ಇರಲಿಲ್ಲ. ಇನ್ನಷ್ಟು ಸೇರಿಸಿ ಅಂತ ರಾಜ್ಯಗಳು ಕೇಳಿದ್ದಕ್ಕೆ, ಕೇಂದ್ರದ ದುಡ್ಡು ರಾಜ್ಯಗಳಿಗೆ ಹಂಚುವ ಲೆಕ್ಕ ಹೇಳುವ 15ನೇ ಹಣಕಾಸು ಆಯೋಗ, ಇದ್ದದ್ದೇ ಹೆಚ್ಚು ಕಡಿಮೆ ಸಾಕು ಅಂದಿತು. ಬೇಕಾದರೆ ರಾಜ್ಯಗಳು ತಮ್ಮ ವಿಪತ್ತು ನಿಧಿಯಲ್ಲಿ ನೂರಕ್ಕೆ ಹತ್ತರಷ್ಟನ್ನು ತಮ್ಮೂರಿನ ವಿಪತ್ತಿಗೆ ಬಳಸಿಕೊಳ್ಳಬಹುದಿತ್ತು. ಅಂದರೆ ಏಪ್ರಿಲ್ ಬಿಸಿಲಲ್ಲಿ ಮುಂಡರಗಿ ರಸ್ತೆಯಲ್ಲಿ ಕೂಲಿಯವನಿಗೆ ತಲೆ ಸುತ್ತಿದರೆ ಆ ಹತ್ತರೊಳಗೆ ಜಾಗ ಹುಡುಕಬೇಕಿತ್ತು. ಅದೇ ಕಪ್ಪತಗುಡ್ಡದ ಮೇಲಿಂದ ಹಿಮ ಕುಸಿದು ಬಿದ್ದರೆ ಯಾವ ತಕರಾರೂ ಇರಲಿಲ್ಲ, ಫಾರ್ಮು ರೆಡಿ. ಗದಗಿನ ಸುನಾಮಿ ಸಂತ್ರಸ್ತರೂ ಧೈರ್ಯವಾಗಿರಲಿ.

ಮೋಡವನ್ನೇ ಬಗ್ಗಿಸುವ ಪ್ರಯತ್ನವೂ ಆಗಿದೆ ಅನ್ನಿ. 2017ರಲ್ಲಿ ವರ್ಷಧಾರೆ ಅಂತ ಮೋಡ ಬಿತ್ತನೆ ಮಾಡಿದಾಗ ಗದಗಿನಲ್ಲೂ ಒಂದು ರೇಡಾರ್ ಇಟ್ಟಿದ್ದರು. 2023ರಲ್ಲಿ ರಾಣೆಬೆನ್ನೂರಿನ ಶಾಸಕರು ಸ್ವಂತ ಖರ್ಚಿನಲ್ಲಿ ಹಾವೇರಿ ಜಿಲ್ಲೆಯ ಮೇಲೆ ವಿಮಾನ ಹಾರಿಸಿದರು. ಮೋಡ ಇದ್ದರೆ ಮಾತ್ರ ಬಿತ್ತಲು ಬರುತ್ತದೆ, ಮೋಡ ಇಲ್ಲದ್ದೇ ಬರ. ಈ ಸಣ್ಣ ತೊಡಕು ಬಿಟ್ಟರೆ ಉಪಾಯ ಚೆನ್ನಾಗಿದೆ.

ಇನ್ನು ನೆರೆ. ನಮ್ಮ ಕಡೆ ಬರ ಮತ್ತು ನೆರೆ ಒಂದೇ ಊರಿಗೆ ಬರುತ್ತವೆ, ಸರಕಾರದಲ್ಲಿ ಮಾತ್ರ ಎರಡಕ್ಕೂ ಬೇರೆ ಬೇರೆ ಫೈಲು. ಬೆಣ್ಣೆಹಳ್ಳವನ್ನು ಬೇಸಿಗೆಯಲ್ಲಿ ನೋಡಿದವರು ಇದಕ್ಕೆ ಸೇತುವೆ ಯಾಕೆ ಅಂತ ಕೇಳಿಯಾರು. ಮಳೆಗಾಲದಲ್ಲಿ ನೋಡಿದವರು ಸೇತುವೆ ಎಲ್ಲಿ ಅಂತ ಕೇಳುತ್ತಾರೆ. ಹೂಳು ತುಂಬಿದೆ, ಜಾಲಿ ಬೆಳೆದಿದೆ, ದಂಡೆಯವರು ಅಷ್ಟಷ್ಟೇ ಒತ್ತಿಕೊಂಡು ಬಿತ್ತಿದ್ದಾರೆ. ಎರೆ ಭೂಮಿ ಸಪಾಟು. ಹಳ್ಳ ಉಕ್ಕಿದರೆ ಮೈಲುಗಟ್ಟಲೆ ಹರಡಿಕೊಳ್ಳುತ್ತದೆ. ಆ ಕಡೆ ನವಿಲುತೀರ್ಥದ ಅಣೆಕಟ್ಟೆಯಿಂದ ಮಲಪ್ರಭೆಗೆ ನೀರು ಬಿಟ್ಟರೆ ನರಗುಂದ ತಾಲ್ಲೂಕಿನ ಲಖಮಾಪುರ ನಡುಗಡ್ಡೆ. 2009ರಲ್ಲಿ ಹಸ್ತ ಮಳೆ ಹೀಗೆ ಮಾಡಿತು. 2019ರಲ್ಲಿ ಆಶ್ಲೇಷ ಮಾಡಿತು. ಎರಡಕ್ಕೂ ಕಾರಣ ಕೇಳಿ ನೋಟಿಸ್ ಕೊಡುವುದು ಬಾಕಿ ಇದೆ.

2009ರ ನಂತರ ಹೊಳೆದಂಡೆಯ ಊರುಗಳಿಗೆ ಎತ್ತರದ ಜಾಗದಲ್ಲಿ ಆಸರೆ ಮನೆ ಕಟ್ಟಿಸಿಕೊಟ್ಟರು. ಹೊಂದಾಣಿಕೆ ಅಂದರೆ ಇದೇ ಅಲ್ವಾ? ಊರೇ ಎತ್ತರಕ್ಕೆ ಹೋಗುವುದು. ಆದರೆ ಮನೆಯ ನಕಾಶೆ ಬರೆದವರಿಗೆ ಎತ್ತು, ಎಮ್ಮೆ, ಕೂರಿಗೆ, ಕಣಿಕೆ ಬಣವೆ ಇವೆಲ್ಲ ಎಲ್ಲಿ ಇರುತ್ತವೆ ಅಂತ ಹೊಳೆಯಲಿಲ್ಲ. ದನ ಕೆಳಗಿನ ಊರಲ್ಲಿ, ಹೊಲ ಕೆಳಗಿನ ಊರಲ್ಲಿ, ಮನುಷ್ಯ ಮಾತ್ರ ಮೇಲೆ. ಎಷ್ಟೋ ಮಂದಿ ಹೋಗಲೇ ಇಲ್ಲ. ಖಾಲಿ ಮನೆಗಳ ಸುತ್ತ ಮುಳ್ಳುಕಂಟಿ ಬೆಳೆಯಿತು. 2019ರಲ್ಲಿ ನೀರು ಬಂದಾಗ ಕೆಳಗಿನ ಊರು ಮತ್ತೆ ಮುಳುಗಿತು, ಮತ್ತೆ ಗಂಜಿ ಕೇಂದ್ರ, ಮತ್ತೆ ಸರ್ವೇ.

ಹುಬ್ಬಳ್ಳಿ-ಧಾರವಾಡ ಅವಳಿ ನಗರದವರು ಇದನ್ನು ಓದಿ ಹಳ್ಳಿಯವರ ಪಾಡು ಅಂದುಕೊಳ್ಳಬೇಡಿ. ಧಾರವಾಡದ ಟೋಲ್ ನಾಕಾದಲ್ಲಿ ಒಂದು ಒಳ್ಳೆ ಮಳೆ ಬಿದ್ದರೆ ಬಸ್ಸಿಗೆಂದೇ ಹಾಕಿದ ಬಿಆರ್‌ಟಿಎಸ್ ಹಾದಿ ಕೆರೆಯಾಗುತ್ತದೆ. ರಸ್ತೆ ಅಗಲ ಮಾಡಲು ನೆರಳಿನ ಮರಗಳನ್ನು ಕಡಿದರು, ಏಸಿ ಬಸ್ಸು ಬಿಟ್ಟರು. ಅದಕ್ಕೆ ಚಿಗರಿ ಅಂತ ಚಂದದ ಹೆಸರಿಟ್ಟರು. ಚಿಗರಿ ಓಡುವುದಕ್ಕೆ ಹೆಸರಾದ ಪ್ರಾಣಿ, ಈಜಿದ್ದನ್ನು ಯಾರೂ ಕಂಡಿಲ್ಲ. ನೀರು ಹರಿಯುವ ಜಾಗ ಮೊದಲು ಗುರುತು ಮಾಡಿ ಆಮೇಲೆ ರಸ್ತೆ ಹಾಕಬೇಕು ಅನ್ನುವುದಕ್ಕೆ ಕ್ರಿಯಾ ಯೋಜನೆ ಬೇಕಿಲ್ಲ. ಮೊದಲ ಮಳೆಗೆ ಹುಬ್ಬಳ್ಳಿಯ ದಾಜಿಬಾನ್ ಪೇಟೆಯಲ್ಲಿ ಅಂಗಡಿಯ ಮಾಲು ಮೇಲಿನ ಕಪಾಟಿಗೆ ಏರಿಸುವ ಹುಡುಗನನ್ನು ಕೇಳಿದರೆ ಸಾಕು.

ಮಳೆ ಅಳೆಯುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ, ಇದನ್ನು ತಮಾಷೆಗೆ ಹೇಳುತ್ತಿಲ್ಲ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ 1988ರಲ್ಲೇ ಬರ ನಿಗಾ ಘಟಕವಾಗಿ ಶುರುವಾದದ್ದು. ಈಗ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆಮಾಪಕಗಳಿವೆ. ಯಾವ ಪಂಚಾಯ್ತಿಯಲ್ಲಿ ಎಷ್ಟು ಮಿಲಿಮೀಟರ್ ಅಂತ ಬೆಂಗಳೂರಿನಲ್ಲಿ ಕೂತವರಿಗೆ ಕೂಡಲೇ ತಿಳಿಯುತ್ತದೆ. ಊರಲ್ಲಿ ಚರಂಡಿ ಯಾವ ಕಡೆ ಇಳಿಜಾರು ಅಂತ ಊರಿನವರಿಗೆ ತಿಳಿದಿರುತ್ತದೆ. ಈ ಎರಡು ತಿಳಿವಳಿಕೆಗಳು ಒಂದು ಮೇಜಿನ ಮುಂದೆ ಕೂತು ಚಹಾ ಕುಡಿದದ್ದು ಮಾತ್ರ ಕಾಣೆ.

ಶ್ರಾವಣದಲ್ಲಿ ಹೆಸರು ಕೊಯ್ಲಿಗೆ ಬಂದಾಗ ಮಳೆ ಹಿಡಿದುಕೊಂಡರೆ ಕಾಯಿಯಲ್ಲೇ ಮೊಳಕೆ. ಉಳಿದಷ್ಟನ್ನು ರಾಶಿ ಮಾಡಿ, ಡಾಂಬರು ರಸ್ತೆ ಮೇಲೆ ಹರವಿ, ಮೋಡ ಕಂಡಾಗಲೆಲ್ಲ ತಾಡಪಾಲು ಎಳೆದು ಖರೀದಿ ಕೇಂದ್ರಕ್ಕೆ ಒಯ್ದರೆ ಅಲ್ಲಿ ತೇವಾಂಶ ನೂರಕ್ಕೆ 12ರೊಳಗೆ ಇರಬೇಕು. ಗಾಳಿಯಲ್ಲೇ ತೇವ ಇರುವ ತಿಂಗಳು ಅದು. ಹೆಸರುಕಾಳೊಂದೇ ಸರಕಾರಿ ನಿಯಮ ಪಾಲಿಸಲಿ ಅಂದರೆ ಹೇಗೆ? ಇದನ್ನೂ ಸುತ್ತೋಲೆಗೆ ಸೇರಿಸಿ.

ಇವೆಲ್ಲ ಸರಿ, ಮನೆ ಬಿದ್ದಾಗ ನೋಡಬೇಕು ಆಡಳಿತದ ಸೂಕ್ಷ್ಮ. ಎ, ಬಿ, ಸಿ ಅಂತ ಮೂರು ಕೆಟಗರಿ. ನೂರಕ್ಕೆ 75ಕ್ಕಿಂತ ಜಾಸ್ತಿ ಬಿದ್ದರೆ ಎ. 25ರಿಂದ 75 ಬಿ. 15ರಿಂದ 25 ಸಿ. 2019ರಲ್ಲಿ ಎ ಮನೆಗೆ 5 ಲಕ್ಷ ಅಂತ ರಾಜ್ಯ ಘೋಷಿಸಿತು. ಸಿ ಮನೆಗೆ ಅದರ ಒಂದು ಸಣ್ಣ ಪಾಲು.

ಹೊಳೆದಂಡೆಯ ಊರೊಂದರಲ್ಲಿ ಸರ್ವೇ ನಡೆಯುವುದು ಹೀಗೆ. ಗ್ರಾಮ ಲೆಕ್ಕಿಗ ಅಂದರೆ ತಲಾಠಿ, ಎಂಜಿನಿಯರು, ಪಿಡಿಒ ಮೂವರೂ ಕೆಸರಲ್ಲಿ ಪ್ಯಾಂಟು ಮಡಚಿಕೊಂಡು ನಿಂತಿದ್ದಾರೆ. ಒಬ್ಬ ಅಜ್ಜನ ಮಣ್ಣಿನ ಮನೆ, ಮೇಲ್ಮುದ್ದೆ ಮಾಳಿಗೆ. ಪಡುವಲ ಗೋಡೆ ಬಿದ್ದಿದೆ. ಅದಕ್ಕೆ ಹತ್ತಿದ ಗೋಡೆ ಹೊಟ್ಟೆ ಬಿಟ್ಟುಕೊಂಡು ನಿಂತಿದೆ. ಒಳಗೆ ಜೋಳದ ಚೀಲ ನೆನೆದು ಹುಳಿ ವಾಸನೆ.

"ಅಜ್ಜಾರ, ಬಿದ್ದ ಗ್ವಾಡಿ ಮುಂದ ನಿಂದರ್ರಿ. ಫೋಟೋದಾಗ ನಿಮ್ಮ ಮಾರಿನೂ ಬರಬೇಕು, ಗ್ವಾಡಿನೂ ಬರಬೇಕು."

"ಗ್ವಾಡಿ ಬಿದ್ದೈತಲ್ರಿ ಸಾಹೇಬ್ರ. ಹೆಂಗ ಬರತೈತಿ?"

ಫೋಟೋ ಆಯಿತು. ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ನೆಟ್‌ವರ್ಕ್ ಸಿಗುವುದು ಬಸ್ ಸ್ಟ್ಯಾಂಡಿನ ಹತ್ತಿರ. ಎಲ್ಲರೂ ಅಲ್ಲಿಗೆ ನಡೆದರು. ಅಪ್‌ಲೋಡ್ ಮಾಡಿದರೆ ಆ್ಯಪ್ ಜಾಗವನ್ನೂ ತಾನೇ ಬರೆದುಕೊಂಡಿತು. ಅದರ ಲೆಕ್ಕದಲ್ಲಿ ಅಜ್ಜನ ಮನೆ ಇರುವುದು ಬಸ್ ಸ್ಟ್ಯಾಂಡಿನಲ್ಲಿ. ತಿರುಗಿ ಮನೆಗೆ, ತಿರುಗಿ ಫೋಟೋ. ಎಂಜಿನಿಯರು ಟೇಪು ಹಿಡಿದು ಲೆಕ್ಕ ಹಾಕಿ 22 ಪರ್ಸೆಂಟ್ ಅಂದರು. ಸಿ.

ಅಜ್ಜ ಹೊಟ್ಟೆ ಬಿಟ್ಟ ಗೋಡೆಗೆ ಕೈ ಹಚ್ಚಿ ನೋಡಿದ. "ಒಂದ್ ಹತ್ ಸಾವಿರ ಈಗ ಕೊಟ್ರ ಇದಕ್ಕೊಂದು ಆಸರ ಕೊಟ್ಟು ನಿಲ್ಲಸ್ತೇನ್ರಿ. ಮಾಳಗಿ ಉಳೀತೈತಿ."

"ನಿಂತ ಗ್ವಾಡಿಗೆ ರೊಕ್ಕ ಇಲ್ರಿ ಅಜ್ಜಾರ. ಬಿದ್ದದ್ದಕ್ಕ ಮಾತ್ರ."

ತಲಾಠಿ ಹೇಳಿದ್ದು ಪೂರ್ತಿ ಸುಳ್ಳಲ್ಲ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಲೆಕ್ಕದಲ್ಲಿ ರಾಜ್ಯದ ವಿಪತ್ತು ದುಡ್ಡನ್ನು ನೂರಕ್ಕೆ 80 ಮತ್ತು 20 ಅಂತ ಭಾಗ ಮಾಡಿತು. 80 ವಿಪತ್ತು ನಿಭಾಯಿಸುವುದಕ್ಕೆ, 20 ಮೊದಲೇ ಅಪಾಯ ತಗ್ಗಿಸುವುದಕ್ಕೆ. ಹಳ್ಳದ ಹೂಳು, ಕಾಲುವೆಯ ದಂಡೆ, ಎತ್ತರದ ಊರಲ್ಲಿ ದನದ ಕೊಟ್ಟಿಗೆ, ಇವೆಲ್ಲ ಆ ಇಪ್ಪತ್ತರ ಬಾಗಿಲಲ್ಲಿ ಪಾಳಿ ಹಚ್ಚಬೇಕು. ಅಜ್ಜನ ಗೋಡೆ ಆ ಪಾಳಿಯಲ್ಲಿ ಎಲ್ಲಿದೆಯೋ ಏನೋ. ಅಜ್ಜನಿಗೆ ಈ ಲೆಕ್ಕ ಯಾರೂ ಹೇಳಲಿಲ್ಲ. ಆದರೂ ಅವನಿಗೆ ತಿರುಳು ತಿಳಿಯಿತು.

"ಹಂಗಾದ್ರ ಇದನ್ನೂ ಹಾರಿ ತಗೊಂಡು ನಾನ ಬೀಳಸ್ಲೇನ್ರಿ?"

ತಲಾಠಿ ಗಾಬರಿಯಾಗಿ ಅತ್ತಿತ್ತ ನೋಡಿದ. "ಬ್ಯಾಡ್ರಿ ಯಪ್ಪಾ! ಹಾರಿ ಗುರ್ತು ಫೋಟೋದಾಗ ಕಾಣತಾವು. ಮಳಿಗೇ ಬೀಳ್ಬೇಕು ಅದು. ಅದೂ ಶುಕ್ರವಾರದೊಳಗ. ಶನಿವಾರದಿಂದ ಆ್ಯಪ್ ಬಂದ್."